ಗ್ಯಾಲರಿಗೆ ಗ್ರಿಲ್ ಬಂದದ್ದು

ಒಂದು ವಸ್ತುವನ್ನು ಕೊಳ್ಳಬೇಕೋ ಬೇಡವೋ ಎಂಬುದು ನಮ್ಮ ಮನೆಯಲ್ಲಿ ಎಂದೂ ಹಗುರವಾಗಿ ತೀರ್ಮಾನವಾದ ವಿಷಯವಲ್ಲ. ಮಿಕ್ಸರ್ ಬರಲು ಎರಡು ವರ್ಷ ಹಿಡಿಯಿತು. ವಾಶಿಂಗ್ ಮಶೀನಿನ ಬಗ್ಗೆ ನಾನು ಒಂದು ನಿಲುವಿಗೆ ಬರುವಷ್ಟರಲ್ಲಿ ಕಂಪನಿಯವರು ಆ ಮಾಡೆಲ್ ತಯಾರಿಸುವುದನ್ನೇ ನಿಲ್ಲಿಸಿದ್ದರು. ಬಲಾರ್ಡ್ ಪಿಯರಿನ ಹಡಗು ಕಂಪನಿಯೊಂದರ ಆಫೀಸಿನಲ್ಲಿ ಮೂವತ್ತಾರು ವರ್ಷ ಕೂತು, ಬಂದ ಕಾಗದಗಳ ಮೇಲೆಲ್ಲ ‘ಪರಿಶೀಲಿಸಿ ಮಂಡಿಸುವುದು’ ಎಂದು ಬರೆದು ಬರೆದು ಪರಿಶೀಲನೆ ನನ್ನ ರಕ್ತಕ್ಕೇ ಇಳಿದುಬಿಟ್ಟಿದೆ. ನಿವೃತ್ತನಾದ ಮೇಲೆ ಪರಿಶೀಲಿಸಲು ಉಳಿದದ್ದು ಬೊರಿವಲಿಯ ಈ ಫ್ಲ್ಯಾಟು ಮತ್ತು ಇದರೊಳಗಿನ ಮೂವರು: ಹೆಂಡತಿ, ಇಪ್ಪತ್ತೆಂಟು ವರ್ಷದ ಮಗ, ಮತ್ತು ನನ್ನ ತಂದೆಯ ಕಿರಿಯ ತಂಗಿ.

ತಂದೆಯ ತಂಗಿಯನ್ನು ನಾವು ಧಾರವಾಡದ ಕಡೆಯವರು ಅತ್ಯಾ ಎನ್ನುತ್ತೇವೆ. ಮಗ ಹುಟ್ಟಿದಾಗ ನನ್ನ ಹೆಂಡತಿ ಮತ್ತೆ ನೌಕರಿಗೆ ಹೋಗಬೇಕಾಗಿತ್ತು. ಗಂಡನಿಲ್ಲದ, ಮಕ್ಕಳಿಲ್ಲದ ಅತ್ಯಾನನ್ನು ಆರು ತಿಂಗಳ ಮಟ್ಟಿಗೆ ಬಂದು ಕೂಸು ನೋಡಿಕೊ ಎಂದು ಕರೆಸಿದೆವು. ಆ ಆರು ತಿಂಗಳು ಇನ್ನೂ ಮುಗಿದಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಚಹಾ ಆದ ಮೇಲೆ ಮಗ ನನ್ನೆದುರು ಬಂದು ಕೂತ. ಅವನು ಪವಾಯಿಯಲ್ಲಿ ಕಂಪ್ಯೂಟರ್ ಕೆಲಸದವನು. ಇಂಗ್ಲಿಷಿನಲ್ಲಿ ಯೋಚಿಸುತ್ತಾನೆ, ಹಿಂದಿಯಲ್ಲಿ ಜಗಳಾಡುತ್ತಾನೆ, ಏನಾದರೂ ಬೇಕಾದಾಗ ಮಾತ್ರ ಕನ್ನಡಕ್ಕೆ ಬರುತ್ತಾನೆ.

“ಪಪ್ಪಾ, ನನಗ ಒಂದು ಗ್ರಿಲ್ ತಗೋಳೋದದ. ಗ್ಯಾಲರಿನಾಗ ಇಡೋದು.”

ಕನ್ನಡದಲ್ಲಿ ಕೇಳಿದ್ದರಿಂದ ದೊಡ್ಡ ವಸ್ತುವೇ ಇರಬೇಕೆಂದು ನಾನು ಪೇಪರು ಮಡಚಿಟ್ಟೆ. ಅವನು ಫೋನಿನಲ್ಲಿ ಚಿತ್ರ ತೋರಿಸಿದ. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಪಿಂಗಾಣಿಯ ಒಂದು ಮಹಾ ಮೊಟ್ಟೆ ಕೂತಿತ್ತು. ಮೇಲಿನ ಅರ್ಧ ಮುಚ್ಚಳ. ಒಳಗೆ ಇದ್ದಿಲು ಹೊತ್ತಿಸಿ ಮುಚ್ಚಿದರೆ ಗೋಡೆಯ ಪಿಂಗಾಣಿ ಕಾವು ಹಿಡಿದುಕೊಂಡು ಬಿಡುವುದಿಲ್ಲ. ಏನನ್ನು ಬೇಕಾದರೂ ಸುಡಬಹುದು, ಬೇಯಿಸಬಹುದು. ಪವಾಯಿಯ ಅವನ ಬಾಸ್ ಮನೆಯಲ್ಲಿ ಒಂದಿದೆಯಂತೆ. ನೂರು ಕಿಲೋ ತೂಕ, ಒಂದೂವರೆ ಲಕ್ಷ ಬೆಲೆ. ಅರ್ಧ ತಾನು ಹಾಕುತ್ತೇನೆ, ಉಳಿದರ್ಧ ಪಪ್ಪಾ, ಎಂದ.

ನಾವು ಕಟ್ಟಾ ಸಸ್ಯಾಹಾರಿಗಳು. ಏನು ಸುಡುತ್ತೀ ಎಂದು ಕೇಳಿದೆ. “ಪನೀರ್,” ಎಂದು ಮಗ ನೆಲ ನೋಡಿದ. ಆ ಬಾಬಿನ ವಿಚಾರಣೆಯನ್ನು ಅಲ್ಲಿಗೇ ಕೈಬಿಟ್ಟೆ. ಕೆಲವು ಪ್ರಶ್ನೆಗಳನ್ನು ಕೇಳದೆ ಇರುವುದರಿಂದಲೇ ಮನೆತನದ ಮಡಿ ಉಳಿಯುತ್ತದೆ.

ಅಷ್ಟರಲ್ಲಿ ಗ್ಯಾಲರಿಯ, ಅಂದರೆ ಬಾಲ್ಕನಿಯ, ಬಾಗಿಲಿನಿಂದ ಅತ್ಯಾನ ದನಿ ಬಂತು.

“ಏನಂದಿ? ಗ್ಯಾಲರಿಗೆ ಗ್ರಿಲ್ಲಾ?”

“ಹೂಂ ಅಜ್ಜಿ. ಗ್ರಿಲ್.”

“ಅಂತೂ ಈ ಮನ್ಯಾಗ ಒಬ್ಬಗರ ಬುದ್ಧಿ ಬಂತು. ನಿಮ್ಮಪ್ಪಗ ಹೇಳಿ ಹೇಳಿ ನನ್ನ ಹಲ್ಲು ಬಿದ್ದೂವು.”

ಇಲ್ಲಿ ಒಂದು ಶಬ್ದದ ವಿಷಯ ಹೇಳಬೇಕು. ಮುಂಬಯಿಯಲ್ಲಿ ಇಪ್ಪತ್ತೆಂಟು ವರ್ಷ ಕಳೆದ ಯಾವ ಮುದುಕಿಗೂ ಗ್ರಿಲ್ ಎಂದರೆ ಒಂದೇ: ಕಿಟಕಿಗೆ, ಗ್ಯಾಲರಿಗೆ ವೆಲ್ಡಿಂಗ್ ಮಾಡಿಸಿ ಕೂಡಿಸುವ ಕಬ್ಬಿಣದ ಸಲಾಕಿಗಳು. ಅತ್ಯಾನ ಮಂಚ ಇದ್ದದ್ದು ಗ್ಯಾಲರಿಯಲ್ಲಿ. ಹಾಲಿನಲ್ಲಿ ಸೋಫಾ, ಒಂದು ಕೋಣೆಯಲ್ಲಿ ನಾವು, ಇನ್ನೊಂದರಲ್ಲಿ ಮಗ ಮತ್ತು ಅವನ ಕಂಪ್ಯೂಟರುಗಳು. ಗ್ಯಾಲರಿಯಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದು ಅವಳ ಪರವಾಗಿ ನಾವೇ ತೀರ್ಮಾನಿಸಿದ್ದೆವು. ಸೊಂಟದೆತ್ತರದ ಗೋಡೆ, ಅದರ ಮೇಲೆ ಬಯಲು. ಮಳೆಗಾಲದಲ್ಲಿ ಒಂದು ನೀಲಿ ತಾಡಪತ್ರಿ ಕಟ್ಟುತ್ತಿದ್ದೆವು. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅರಿವೆ ಒಣಹಾಕುವಾಗ ಅವಳಿಗೆ ತಲೆ ತಿರುಗಿತು. ಪುಣ್ಯಕ್ಕೆ ಹಿಂದಕ್ಕೆ ಬಿದ್ದಳು. ಮುಂದಕ್ಕೆ ಬಿದ್ದಿದ್ದರೆ ಐದು ಮಾಳಿಗೆ. ಅಂದಿನಿಂದ ಮಲಗುವಾಗ ಸೆರಗಿನ ತುದಿಯನ್ನು ಮಂಚದ ಕಾಲಿಗೆ ಗಂಟು ಹಾಕಿಕೊಳ್ಳುತ್ತಿದ್ದಳು, ಮತ್ತು ಗ್ಯಾಲರಿಗೆ ಗ್ರಿಲ್ ಹಾಕಿಸೆಂದು ನನ್ನ ಬೆನ್ನು ಹತ್ತಿದ್ದಳು.

ನಾನು ಒಪ್ಪಿರಲಿಲ್ಲ. “ಸೊಸೈಟಿ ಪರ್ಮಿಶನ್ ಕೊಡಂಗಿಲ್ಲ ಅತ್ಯಾ,” ಎಂದಿದ್ದೆ.

“ಸೊಸೈಟಿ ಸೆಕ್ರೆಟರಿ ನೀನ ಅಲ್ಲೇನು?”

“ಅದಕ್ಕ ಕೊಡಂಗಿಲ್ಲ. ನಾ ನನ್ನ ಮನಿಗೇ ಪರ್ಮಿಶನ್ ಕೊಟ್ಕೊಂಡ್ರ ಮಂದಿ ಏನಂದಾರು?”

ಆಗಲೇ ಬಿಲ್ಡಿಂಗಿನ ಅರ್ಧ ಗ್ಯಾಲರಿಗಳಿಗೆ ನಾನೇ ಪರ್ಮಿಶನ್ ಕೊಟ್ಟು ಗ್ರಿಲ್ ಬಂದಿದ್ದವು. ನಮ್ಮದಕ್ಕೆ ಇಲ್ಲ. ನಿಜವಾದ ಕಾರಣವನ್ನು ಈಗ ಬರೆಯಬಹುದು. ನಾನು ಸೆಕ್ರೆಟರಿಯಾದ ದಿನ ಕಮಿಟಿಯವರನ್ನು ಮನೆಗೆ ಕರೆದು ಉಪ್ಪಿಟ್ಟು, ಶಿರಾ ಮಾಡಿಸಿದ್ದೆ. ಅವರೆದುರು ಅತ್ಯಾ, ನಾನು ಮೊದಲ ಬಾರಿ ಮುಂಬಯಿಗೆ ಬಂದಾಗ ಫಾಸ್ಟ್ ಲೋಕಲ್ ಹತ್ತಿ, ಇಳಿಯಲಾಗದೆ ಕೊನೆಯ ಸ್ಟೇಶನ್ ವಿರಾರಿಗೆ ಹೋಗಿ, ಅಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಕೂತು ಅತ್ತದ್ದನ್ನು ತನ್ನ ಮರಾಠಿಯಲ್ಲಿ ಹೇಳಿದಳು. ಅಳುವಿನ ಸದ್ದನ್ನು ಸಹ ಮಾಡಿ ತೋರಿಸಿದಳು. ಅದಾದ ಮೇಲೆ ಮನೆಗೆ ಬಂದ ಪ್ರತಿಯೊಬ್ಬರಿಗೂ ಆ ಕತೆಯಾಗುತ್ತಿತ್ತು. ಒಬ್ಬ ಮನುಷ್ಯ ಅರವತ್ತು ದಾಟಿದ ಮೇಲೆ ತನ್ನ ಘನತೆಯ ಬಗ್ಗೆ ಯೋಚಿಸುತ್ತಾನೆ, ಮತ್ತು ಅದಕ್ಕೆ ಅಡ್ಡ ಬರುವುದು ಯಾರು ಎಂಬುದರ ಬಗ್ಗೆಯೂ.

ಆ ಭಾನುವಾರ ಮಗ ತಿದ್ದಲು ಹೊರಟದ್ದು ನಿಜ.

“ನೋ ಅಜ್ಜಿ, ಇದು ವೋ ವಾಲಾ ಗ್ರಿಲ್ ಅಲ್ಲ. ಇದು…” ಎಂದು ತಡವರಿಸಿ ನನ್ನ ಕಡೆ ತಿರುಗಿದ. “ಪಪ್ಪಾ, ಓವನ್‌ಗೆ ಕನ್ನಡಾದಾಗ ಏನಂತಾರ?”

ಅವನ ಕನ್ನಡವೆಲ್ಲ ಅತ್ಯಾ ಕಲಿಸಿದ್ದು. ಆದರೆ ಅವನು ಬೆಳೆದ ಮನೆಯಲ್ಲಿ ಗ್ಯಾಸ್ ಇತ್ತು. ಒಲೆ ಇರಲಿಲ್ಲ, ಆದ್ದರಿಂದ ಆ ಶಬ್ದವೂ ಇರಲಿಲ್ಲ. ಒಲಿ ಎಂಬ ಎರಡು ಅಕ್ಷರ ನಾನು ಉಚ್ಚರಿಸಿದ್ದರೆ ಅತ್ಯಾ ಆ ಗಳಿಗೆಯಲ್ಲೇ ವಿಷಯ ತಿಳಿದು, ತನ್ನ ಮಂಚದ ಮೇಲೆ ಕೂತು, ಎಂಥ ಸೇನೆ ಬಂದರೂ ಏಳುತ್ತಿರಲಿಲ್ಲ.

“ಏನೋ ಅಂತಾರ,” ಎಂದೆ. “ನೆನಪಾಗವಲ್ದು.”

ಅತ್ಯಾ ಬೆಲೆ ಕೇಳಿದಳು. ಮಗ ಹೇಳಿದ.

“ಕಬ್ಬಿಣಕ್ಕ ಒಂದೂವರಿ ಲಕ್ಷ?”

“ಕಬ್ಬಿಣ ಅಲ್ಲ ಅಜ್ಜಿ. ಸಿರಾಮಿಕ್.”

“ಹಂಗಾದ್ರ ಕೆಳಗ ಟೈಲ್ಸೂ ಹಾಕಸ್ತೀರಿ,” ಎಂದಳು. ಆಮೇಲೆ ನನಗೆ ಹೇಳಿದಳು, “ನಾ ನಿನಗ ಭಾಳ ಅಂದೀನಪಾ. ಹೊಟ್ಟ್ಯಾಗ ಇಟಗೋಬ್ಯಾಡ.”

ನಾನು ಪೇಪರು ಬಿಡಿಸಿದೆ.

ಮುಂದಿನ ವಾರ ವಸ್ತುವಿನ ಪ್ರತ್ಯಕ್ಷ ಪರಿಶೀಲನೆಗೆ ಅತ್ಯಾನನ್ನು ಬಿಟ್ಟು ನಾವು ಮೂವರು ಅಂಧೇರಿಯ ಅಂಗಡಿಗೆ ಹೋದೆವು. ಅಂಗಡಿಯವನು ಕರಿ ಏಪ್ರನ್ ಕಟ್ಟಿಕೊಂಡು ಹೋಮಕ್ಕೆ ಕೂತ ಪುರೋಹಿತನ ಹಾಗೆ ಮೊಟ್ಟೆಯ ಮುಂದೆ ನಿಂತಿದ್ದ. ಮುಚ್ಚಳ ತೆರೆದ, ಮುಚ್ಚಿದ. ಕೆಳಗಿನ ಕಿಂಡಿ, ಮೇಲಿನ ಕಿಂಡಿ ತೋರಿಸಿದ. ಎರಡನ್ನೂ ಮುಚ್ಚಿದರೆ ಬೆಂಕಿ ತಾನಾಗಿ ಸತ್ತು, ಉಳಿದ ಇದ್ದಿಲು ಮರುದಿನಕ್ಕೆ ಬರುತ್ತದೆ ಎಂದ. ಈ ಮಿತವ್ಯಯ ನನಗೆ ಹಿಡಿಸಿತು.

“ಸರ್, ಏಕ್ ಬಾರ್ ಗರಂ ಹೋ ಗಯಾ ತೋ ಘಂಟೋಂ ತಕ್ ಠಂಡಾ ನಹೀ ಹೋತಾ.” ಒಮ್ಮೆ ಬಿಸಿಯಾದರೆ ತಾಸುಗಟ್ಟಲೆ ತಣ್ಣಗಾಗುವುದಿಲ್ಲ ಎಂದ.

“ನಿಮ್ಮ ಅತ್ಯಾನ ಹಂಗ,” ಎಂದಳು ನನ್ನ ಹೆಂಡತಿ ಕನ್ನಡದಲ್ಲಿ. ನಾವಿಬ್ಬರೂ ನಕ್ಕೆವು. ಅಂಗಡಿಯವನೂ ವ್ಯಾಪಾರದ ನಗು ನಕ್ಕ.

ಲೈಫ್‌ಟೈಮ್ ವಾರಂಟಿ ಎಂದ. ಯಾರ ಲೈಫು ಎಂದು ಕೇಳಿದೆ. ಕೊಂಡವರದು ಎಂದ. ಅದು ಪಿಂಗಾಣಿಗೆ ಮಾತ್ರ, ಮಳೆ ತಾಗದಂತೆ ಹೊದಿಸುವ ಕವರು ಬೇರೆ ಕೊಳ್ಳಬೇಕು ಎಂದೂ ಹೇಳಿದ. ಆಮೇಲೆ ಒಂದು ಬದನೆಕಾಯಿ ಸುಟ್ಟುಕೊಟ್ಟ. ನ್ಯಾಯವಾಗಿ ಹೇಳಬೇಕೆಂದರೆ, ಅಂಥ ಬದನೆಕಾಯಿಯನ್ನು ನಾನು ಹುಡುಗನಾಗಿದ್ದಾಗ ತಿಂದದ್ದೇ ಕೊನೆ. ಸಿಪ್ಪೆ ಎಳೆದರೆ ಹಾಗೇ ಕಳಚಿ ಬರುತ್ತಿತ್ತು. ಒಳಗೆಲ್ಲ ಹೊಗೆಯ ವಾಸನೆ. ನನ್ನ ಹೆಂಡತಿ ಎರಡು ಸಲ ಬೆರಳು ನೆಕ್ಕಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನೆದುರು ಹಾಗೆ ಮಾಡಿದ್ದು ಕಂಡಿರಲಿಲ್ಲ.

ಕೊನೆಗೆ ಅಂಗಡಿಯವನು ನಿಯಮಗಳನ್ನು ಹೇಳಿದ. ಒಂದು ಬದಿ ಪೂರ್ತಿ ಬಯಲಿರಬೇಕು. ಗೋಡೆಯಿಂದ ದೂರವಿರಬೇಕು. ಸುತ್ತ ಹೊತ್ತಿಕೊಳ್ಳುವ ವಸ್ತು ಇರಬಾರದು; ಪರದೆ, ಗಾದಿ, ಹಾಸಿಗೆ ಯಾವುದೂ ನಡೆಯುವುದಿಲ್ಲ. ಮಗನ ಮುಖ ಸಣ್ಣಗಾಯಿತು.

ತಿರುಗಿ ಬರುವಾಗ ಭಾನುವಾರವಾದ್ದರಿಂದ ಲೋಕಲಿನಲ್ಲಿ ಸೀಟು ಸಿಕ್ಕಿತ್ತು. ರೈಲು ಜೋಗೇಶ್ವರಿ ದಾಟಿತು.

“ಪಪ್ಪಾ, ಅಜ್ಜಿ ಎಲ್ಲಿ ಮಲಗ್ತಾಳ ಮತ್ತ?” ಎಂದ ಮಗ.

“ಹಾಲಿನ್ಯಾಗ ಹಾಕೋಣ,” ಎಂದಳು ಹೆಂಡತಿ, ಹೇಳಬೇಕಾದ್ದನ್ನು ಹೇಳಿ ಮುಗಿಸುವವರ ದನಿಯಲ್ಲಿ.

“ಹಾಲಿನ್ಯಾಗ ಮಂಚ ಹಾಕಿದ್ರ ಬಂದವರು ಎಲ್ಲಿ ಕೂಡ್ತಾರ?” ಎಂದೆ ನಾನು.

ಅವಳು ಇದನ್ನೇ ಕಾಯುತ್ತಿದ್ದಳು. “ಹುಬ್ಬಳ್ಳ್ಯಾಗ ಅವರ ಮೈದುನನ ಮಗ ಇದ್ದಾನಲ್ಲ. ಸ್ವಂತ ಮನಿ ಅದ. ಇಷ್ಟು ವರ್ಷ ನಾವ ನೋಡ್ಕೊಂಡಿವಿ. ಅವರ ಕಡೆಯವರೂ ನಾಕು ದಿನ ನೋಡ್ಲಿ.”

“ಅಜ್ಜಿಗೆ ಯಾರು ಹೇಳ್ತಾರ?” ಎಂದ ಮಗ.

ಮಲಾಡು ಬಂತು, ಕಾಂದಿವಲಿ ಬಂತು. ಯಾರು ಹೇಳಬೇಕು ಎಂಬುದು ಬೊರಿವಲಿಯಲ್ಲಿ ಇಳಿಯುವವರೆಗೂ ತೀರ್ಮಾನವಾಗಲಿಲ್ಲ. ಇಳಿಯುವಾಗ ಮಗ, ಹಾಗಾದರೆ ಬೇಡ ಬಿಡಿ, ಎಂಬರ್ಥದ ಏನನ್ನೋ ಇಂಗ್ಲಿಷಿನಲ್ಲಿ ಗೊಣಗಿದ. ಅಷ್ಟು ಬೇಗ ಕೈಬಿಡುವ ವಿಷಯವಲ್ಲ, ಎಲ್ಲ ಬಗೆಯಿಂದ ಯೋಚಿಸಬೇಕು ಎಂದೆ.

ಯೋಚಿಸಿದ್ದು ನಿಜ. ಒಂದು ಹಾಳೆಯ ನಡುವೆ ಗೆರೆ ಎಳೆದು, ಒಂದು ಕಡೆ ಗುಣ, ಇನ್ನೊಂದು ಕಡೆ ದೋಷ ಬರೆದೆ. ಬೆಲೆ ಅತಿ. ಭಾರ ಅತಿ. ಬಿದ್ದರೆ ಒಡೆಯುತ್ತದೆ. ವರ್ಷಕ್ಕೆ ಎಷ್ಟು ಸಲ ಹೊತ್ತಿಸುತ್ತೇವೆ ಎಂಬುದು ದೇವರಿಗೇ ಗೊತ್ತು. ದೋಷಗಳು ಹಾಳೆ ತುಂಬಿದವು. ಗುಣದ ಕಡೆ ಬದನೆಕಾಯಿ ಒಂದೇ ಇತ್ತು. ಎಂಥ ಮೂಢನೂ ಬೇಡವೆಂದು ಸಹಿ ಹಾಕುವ ಹಾಳೆ ಅದು. ನಾನು ಆ ಹಾಳೆಯನ್ನು ಹರಿದು ಹಾಕಿ, ಗ್ಯಾಲರಿಯ ಅಳತೆ ತೆಗೆದುಕೊಳ್ಳಲು ಟೇಪು ಹುಡುಕಿದೆ.

ಟೇಪಿನ ಇನ್ನೊಂದು ತುದಿ ಹಿಡಿದವಳು ಅತ್ಯಾ.

“ಎಷ್ಟು ಬಂತು?” ಎಂದಳು.

“ಎಂಟು ಫೂಟಿಗೆ ಎರಡು ಇಂಚು ಕಮ್ಮಿ.”

“ಸರಿಯಾಗಿ ನೋಡು. ಸಂದಿ ಬಿಟ್ರ ಪಾರಿವಾಳ ಅಲ್ಲಿಂದನ ನುಗ್ಗತಾವ.”

“ನೀ ಜಗ್ಗಿ ಹಿಡಿ.”

“ಜಗ್ಗೇ ಹಿಡದೀನಿ. ಮಂಚ ಸರಸ್ರಿ ಮೊದ್ಲ, ಮೂಲಿ ಸಿಗವಲ್ದು.”

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಹೇಳಿದಳು, “ಮಂಚ ಹೆಂಗೂ ತಗಿಯೋದದ ಅತ್ಯಾ.”

“ತಗೀರಿ. ವೆಲ್ಡಿಂಗ್ ಕಿಡಿ ಬಿದ್ದು ಗಾದಿ ಸುಟ್ಟುಗಿಟ್ಟೀತು.” ಟೇಪಿನ ತುದಿಯನ್ನು ಗೋಡೆಗೆ ಒತ್ತಿ ಹಿಡಿದುಕೊಂಡೇ ಅತ್ಯಾ ಯೋಚಿಸಿದಳು. “ನಾ ಒಂದು ಮಾತು ಹೇಳ್ಲೇನು? ಆ ಧೂಳಾ, ಆ ಸಪ್ಪಳಾ, ನನಗ ಸಹನಾ ಆಗಂಗಿಲ್ಲ. ಕೆಲಸ ಮುಗಿಯೋತನಕ ನಾ ಹುಬ್ಬಳ್ಳಿಗೆ ಹೋಗಿರ್ತೀನಿ. ನೀವೇನು ಬ್ಯಾಸರಾ ಮಾಡ್ಕೋಬ್ಯಾಡ್ರಿ.”

ಅವಳಿಗೆ ಹೇಗೆ ಹೇಳುವುದೆಂದು ನನ್ನ ಹೆಂಡತಿ ಎಂಟು ದಿನದಿಂದ ಮಾತು ಹೊಂದಿಸುತ್ತಿದ್ದಳು. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದದ್ದು ನನಗೆ ಕೇಳಿಸಿತ್ತು. ಈಗ ಅವಳು, “ನಮಗ್ಯಾಕ ಬ್ಯಾಸರಾ ಅತ್ಯಾ. ಆರಾಮಾಗಿ ಇದ್ದು ಬರ್ರಿ,” ಎಂದು, ನನ್ನ ಮುಖ ನೋಡದೆ ಅಡಿಗೆಮನೆಗೆ ಹೋಗಿ ಅಂದು ಅತ್ಯಾನ ಇಷ್ಟದ ಹೆಸರುಬೇಳೆ ಪಾಯಸ ಮಾಡಿದಳು.

ಹೋಗುವವರೆಗಿನ ಹತ್ತು ದಿನ ಅತ್ಯಾ ಕೆಳಗೆ ಗೇಟಿನ ಹತ್ತಿರದ ಬೆಂಚಿನ ಮೇಲೆ ಕೂತು ಇಡೀ ಬಿಲ್ಡಿಂಗಿಗೆ ಸುದ್ದಿ ಹಂಚಿದಳು. ವಿರಾರಿನ ಕತೆ ನಿಂತುಹೋಯಿತು. ಅದರ ಬದಲು, ನಮ್ಮ ಹುಡುಗ ನನ್ನ ಸಲುವಾಗಿ ಗ್ರಿಲ್ ಹಾಕಿಸುತ್ತಿದ್ದಾನೆ, ಅಂತಿಂಥದ್ದಲ್ಲ, ಎಂಬ ಕತೆ ಶುರುವಾಯಿತು. ಮೂರನೆಯ ಮಾಳಿಗೆಯ ಮರಾಠಿ ಹೆಂಗಸು ಲಿಫ್ಟಿನಲ್ಲಿ ನನಗೆ ಹೇಳಿದಳು, “ಆಜೀಂಚ್ಯಾಸಾಠೀ ಗ್ರಿಲ್ ಲಾವತಾಯ್, ಛಾನ್ ಕೇಲತ್.” ಆಜಿಗಾಗಿ ಗ್ರಿಲ್, ಒಳ್ಳೆಯದು ಮಾಡಿದಿರಿ. “ಹೋ,” ಎಂದೆ. ಸೆಕ್ರೆಟರಿಯಾದ ಆರು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಮೆಚ್ಚುಗೆ ಅದು. ವಾಪಸ್ಸು ಕೊಡಲು ಮನಸ್ಸು ಬರಲಿಲ್ಲ.

ಅತ್ಯಾ ಒಂದು ಸಣ್ಣ ಚೀಲ ಕಟ್ಟಿಕೊಂಡಳು. ನಾಲ್ಕು ಸೀರೆ, ಗುಳಿಗೆಗಳು.

“ಕೌದಿ ಒಯ್ರಿ ಅತ್ಯಾ,” ಎಂದಳು ನನ್ನ ಹೆಂಡತಿ.

“ಹದಿನೈದು ದಿನಕ್ಕ ಕೌದಿ ಯಾಕ?”

“ಮಳಿ ಶುರು ಆತಂದ್ರ ಅಲ್ಲಿ ಥಂಡಿ ಇರ್ತದ. ಸ್ವೆಟರೂ ಇಟ್ಕೊಳ್ರಿ. ಕಂಚಿನ ಗುಂಡಾಲನೂ ಇರ್ಲಿ, ನಿಮಗ ಅದ್ರಾಗ ಕುಡುದ ರೂಢಿ.”

ಹೀಗೆ ಒಂದೊಂದಾಗಿ ಹಾಕುತ್ತ ಹೋಗಿ ಕೊನೆಗೆ ಇಪ್ಪತ್ತೆಂಟು ವರ್ಷದ ಸಾಮಾನು ಮೂರು ಚೀಲಗಳಲ್ಲಿ ಹಿಡಿಯಿತು. ಅತ್ಯಾ ಸೊಸೆಯ ಕಾಳಜಿಗೆ ಬೆರಗಾಗಿ, “ಇಕಿಗೂ ನಾ ಭಾಳ ಅಂದೀನಿ,” ಎಂದು ನನ್ನ ಕಿವಿಯಲ್ಲಿ ಹೇಳಿದಳು. ಮಗ ಸ್ಟೇಶನ್ನಿಗೆ ಬರಲಿಲ್ಲ. ಆಫೀಸಿನಲ್ಲಿ ಮೀಟಿಂಗ್ ಇತ್ತಂತೆ. ರೈಲು ಹೊರಡುವ ಮುಂಚೆ ಅವಳು ಕಿಟಕಿಯ ಸಲಾಕಿಗಳನ್ನು ಹಿಡಿದು ಅಲುಗಿಸಿ ತೋರಿಸಿ, “ಇಷ್ಟು ದಪ್ಪ ಇರಬೇಕು ನೋಡು. ಇದಕ್ಕಿಂತ ಸಣ್ಣದು ಹಾಕ್ಯಾನು ವೆಲ್ಡರು, ಮುಂದ ನಿಂತು ಮಾಡಸು,” ಎಂದಳು. ಆಗಲಿ ಎಂದೆ.

ಮೊಟ್ಟೆ ಅದೇ ವಾರ ಬಂತು. ಲಿಫ್ಟಿನಲ್ಲಿ ಹಿಡಿಯದೆ ನಾಲ್ಕು ಜನ ಮೆಟ್ಟಿಲ ಮೇಲೆ ಹೊತ್ತು ತಂದರು. ನಾನು ಪ್ರತಿ ಮಾಳಿಗೆಯಲ್ಲೂ ನಿಂತು, ಜೋಕೆ, ಜೋಕೆ, ಎಂದು ಕೂಗುತ್ತ ಬಂದೆ. ಮನೆಗೆ ಬಂದ ಯಾವ ಹಿರಿಯರಿಗೂ ನಾನು ಅಷ್ಟು ಕಾಳಜಿ ತೋರಿದ್ದಿಲ್ಲ. ಮಂಚವನ್ನು ವಾಚ್‌ಮನ್ ಒಯ್ದ. ನೆಲದ ಮೇಲೆ ಅದರ ನಾಲ್ಕು ಕಾಲಿನ ಕರಿ ಗುರುತು ಉಳಿದಿದ್ದವು. ಸ್ಟ್ಯಾಂಡು ಅವುಗಳಲ್ಲಿ ಎರಡನ್ನು ಮುಚ್ಚಿತು.

ಮೊಟ್ಟೆಯ ಗೃಹಪ್ರವೇಶಕ್ಕೆ ಪವಾಯಿಯಿಂದ ಮಗನ ಏಳು ಸಹೋದ್ಯೋಗಿಗಳು ಬಂದರು. ಪನೀರು ಬೆಂದಿತು, ಜೋಳದ ತೆನೆ ಬೆಂದಿತು. ಆಮೇಲೆ ನಾವಿಬ್ಬರೂ ಸಂಕಷ್ಟಿಯ ನೆಪದಲ್ಲಿ ಗಣಪತಿ ಗುಡಿಗೆ ಹೋಗಿ ಎರಡು ತಾಸು ಅಲ್ಲೇ ಕೂತೆವು. ತಿರುಗಿ ಬಂದಾಗ ಏನು ಬೆಂದಿತ್ತು ಎಂದು ನಾವು ಕೇಳಲಿಲ್ಲ, ಮನೆಯೇ ಹೇಳುತ್ತಿತ್ತು. ಹೊಗೆಯ ಬಗ್ಗೆ ಆರನೆಯ ಮಾಳಿಗೆಯವರು ಸೊಸೈಟಿಗೆ ಲಿಖಿತ ದೂರು ಕೊಟ್ಟರು. ಸೆಕ್ರೆಟರಿಯ ನೆಲೆಯಲ್ಲಿ ಅದನ್ನು ಓದಿ, ಸ್ಥಳ ಪರಿಶೀಲನೆ ಮಾಡಿ, ಆಕ್ಷೇಪಾರ್ಹವಾದದ್ದೇನೂ ಕಂಡುಬರಲಿಲ್ಲವೆಂದು ಉತ್ತರ ಬರೆದೆ.

ಇಂಥ ವಸ್ತುವನ್ನು ಕೊಳ್ಳಬೇಕೆಂದಿರುವವರು ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ: ಅಂಗಡಿಯವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಕಾವು ನಿಲ್ಲುತ್ತದೆ, ಇದ್ದಿಲು ಉಳಿಯುತ್ತದೆ. ಬಂದ ಮೇಲೆ ನಾವು ಅದನ್ನು ಮೂರು ಸಲ ಹೊತ್ತಿಸಿದ್ದೇವೆ. ಮೂರು ಸಲಕ್ಕೆ ಒಂದೂವರೆ ಲಕ್ಷ ಹೆಚ್ಚಾಯಿತೆಂದು ಯಾರಾದರೂ ಅಂದಾರು. ಆದರೆ ಬೆಳಗಿನ ಐದಕ್ಕೆ ಕೆಮ್ಮಿಲ್ಲ. ಬಂದವರೆದುರು ನಾನು ಮಾತಾಡುವಾಗ ಮಧ್ಯೆ ಬಾಯಿ ಹಾಕುವವರಿಲ್ಲ. ಈ ಅನುಕೂಲವನ್ನು ಅಂಗಡಿಯವನು ಹೇಳಿರಲಿಲ್ಲ. ನಾನು ಅದನ್ನೇ ನೋಡಿ ಕೊಂಡಿದ್ದೆ.

ಮೂರನೆಯ ಸಲ ಹೊತ್ತಿಸಿದ ಮರುದಿನ ಮಗ ಆಫೀಸಿನಿಂದ ಬಂದು ಬೂಟು ಸಹ ಬಿಚ್ಚದೆ ನನ್ನೆದುರು ನಿಂತ.

“ಪಪ್ಪಾ. ಒಲಿ. ನಮ್ಮ ಟೀಮಿನಾಗ ಒಬ್ಬ ಗದಗಿನವಾ ಬಂದಾನ. ಅವಗ ಕೇಳಿದೆ. ಒಲಿ ಅಂತಾರಂತ.”

“ಹೌದು,” ಎಂದೆ. “ಈಗ ನೆನಪಾತು.”

ಅವನು ನನ್ನನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹೋಗಿ ಮೊಟ್ಟೆಗೆ ಕವರು ಹೊದಿಸಿದ. ಮತ್ತೆ ತೆಗೆದಿಲ್ಲ.

ಅತ್ಯಾನ ಮೊದಲ ಫೋನು ಬಂದದ್ದು ಅವಳು ಹೋದ ಹದಿನಾರನೆಯ ದಿನ.

“ಗ್ರಿಲ್ ಬಂತೇನು?”

“ಬಂತು.”

“ಕೂಡಿಸಿದ್ರೇನು?”

“ಕೂಡಿಸೇವಿ.”

“ಗಟ್ಟಿ ಅದ ಏನು? ಅಳ್ಳಾಡ್ಸಿ ನೋಡಿದ್ಯಾ?”

“ನಾಕು ಮಂದಿ ಬಂದ್ರೂ ಅಳ್ಳಾಡಂಗಿಲ್ಲ ಅತ್ಯಾ.”

“ಪಾರಿವಾಳ?”

“ಒಂದೂ ಬರವಲ್ದು.”

ಅದೂ ನಿಜವೇ. ಹೊಗೆಯ ವಾಸನೆಗೆ ಅವು ಆ ಕಡೆ ತಲೆಹಾಕುತ್ತಿರಲಿಲ್ಲ.

“ಹಂಗಾದ್ರ ನಾ ಮುಂದಿನ ಐತವಾರ ಬರ್ತೀನಿ. ಇವರೆಲ್ಲ ಛಲೋ ನೋಡ್ಕೋತಾರ, ಆದ್ರ ಮನಿ ಮನೀನ ಅಲ್ಲೇನು.”

ಈ ಗ್ರಿಲ್ಲಿನ ವಿಷಯದಲ್ಲಿ ಅಲ್ಲಿಯವರೆಗೆ ನಾನು ಅವಳಿಗೆ ಒಂದೂ ಸುಳ್ಳು ಹೇಳಬೇಕಾಗಿ ಬಂದಿರಲಿಲ್ಲ. “ಬಣ್ಣ ಹಚ್ಚೋದದ ಅತ್ಯಾ,” ಎಂದೆ. “ಹಚ್ಚಿದ ಮ್ಯಾಲೆ ಒಣಗಬೇಕು. ಮಳಿ ಬ್ಯಾರೆ.”

“ಹೌದಪಾ, ಮಳ್ಯಾಗ ಬಣ್ಣ ಒಣಗಂಗಿಲ್ಲ,” ಎಂದು ಅವಳೇ ಒಪ್ಪಿದಳು.

ಆಮೇಲೆ ವಾರಕ್ಕೊಮ್ಮೆ ಫೋನು ಬಂತು. ಒಂದು ವಾರ ಬಣ್ಣ ಹಚ್ಚುವವನು ಊರಿಗೆ ಹೋಗಿದ್ದ. ಇನ್ನೊಂದು ವಾರ ಹಚ್ಚಿದ ಬಣ್ಣ ಮಳೆಗೆ ತೊಳೆದುಹೋಯಿತು. ಅತ್ಯಾ ಬಣ್ಣದವನನ್ನು ಬೈದಳು, ಮಳೆಯನ್ನು ಬೈದಳು, ನನ್ನನ್ನು ಬೈಯಲಿಲ್ಲ.

ಮೊನ್ನೆ ಫೋನು ಮಾಡಿದವನು ಅವಳ ಮೈದುನನ ಮಗ. ಐವತ್ತು ದಾಟಿದ ಸಭ್ಯ ಮನುಷ್ಯ, ಹುಬ್ಬಳ್ಳಿಯಲ್ಲಿ ಔಷಧದ ಅಂಗಡಿ ಇಟ್ಟಿದ್ದಾನೆ. ಮಳೆ ಬೆಳೆ ಎಲ್ಲ ಕೇಳಿ ಮುಗಿಸಿದ ಮೇಲೆ ದನಿ ತಗ್ಗಿಸಿದ.

“ಬಣ್ಣ ಒಣಗಿತೇನ್ರಿ? ಅಲ್ಲ, ನಮ್ಮ ಕಾಕು ಇಲ್ಲಿ ಇದ್ರ ನಮಗೇನು ಭಾರ ಇಲ್ಲ. ಆದ್ರ ಮಗಳಿಗೆ ವರಾ ನೋಡ್ಲಿಕ್ಕೆ ಹತ್ತೀವಿ. ಮನಿಗೆ ಮಂದಿ ಬರ್ತಾರ. ಇವರು ಮಾತು ಭಾಳ ಆಡ್ತಾರ, ನಿಮಗ ಗೊತ್ತ ಅದಲ್ಲ.”

“ಗೊತ್ತದ,” ಎಂದೆ.

“ಅದಕ್ಕ, ಒಂದು ತಾರೀಖು ಹೇಳಿಬಿಡ್ರಿ. ನಾನ ಬಂದು ಬಿಟ್ಟು ಹೋಗ್ತೀನಿ.”

ಅವನ ಹಿಂದೆ ಸ್ವಲ್ಪ ದೂರದಿಂದ ಅತ್ಯಾನ ದನಿ ಕೇಳಿಸಿತು. ಯಾವುದೋ ಬಾಗಿಲಿನ ಹತ್ತಿರ ಕೂತಿದ್ದಳೆಂದು ತೋರುತ್ತದೆ.

“ಯಾರು, ಮುಂಬೈದಾಂವಾ? ಅವಸರಾ ಮಾಡಬ್ಯಾಡ ಅನ್ನು ಅವಂಗ. ಕಬ್ಬಿಣಕ್ಕ ಒಂದು ಕೋಟು ಬಣ್ಣದಿಂದ ಏನೂ ಆಗಂಗಿಲ್ಲ. ಎರಡು ಕೋಟು ಹಚ್ಚಸ್ಲಿ.”

ಅವನು ಅದನ್ನು ನನಗೆ ಮುಟ್ಟಿಸಲಿಲ್ಲ. ತಾರೀಖಿಗಾಗಿ ಸುಮ್ಮನೆ ಕಾಯುತ್ತಿದ್ದ. ಎರಡನೆಯ ಕೋಟು ನಾಳೆಯಿಂದ ಶುರು ಎಂದು ಹೇಳಿ ಫೋನು ಇಟ್ಟೆ.